ಸೀಟಿನ ಅಚ್ಚು

“ಏಳೋ ತಮ್ಮಾ, ಅದರಾಗ ಕುಂದ್ರಬ್ಯಾಡ. ಮಾಟಾ ಮಾಡೂ ಮಂದಿಗೆ ಹೆಜ್ಜಿ ಮಣ್ಣು ಸಿಕ್ಕರ ಸಾಕು. ನೀ ಇಡೀ ಮೈನೇ ಕೊಡಾಕತ್ತಿ.”

ಬುತ್ತಿ ತಂದಿದ್ದ ಸುಂದರಬಾಯಿ ಶೆಡ್ಡಿನ ಬಾಗಿಲಲ್ಲೇ ನಿಂತು ಹೇಳಿದಳು. ಹಲಗೆಯ ಪೆಟ್ಟಿಗೆಯಲ್ಲಿ ಕಲಸಿಟ್ಟ ಹಸಿ ಪ್ಲಾಸ್ಟರಿನೊಳಗೆ ಅಂಬರೀಷ ಬೆನ್ನು ಹುದುಗಿಸಿ ಕೂತಿದ್ದ. ಪ್ಲಾಸ್ಟರು ಗಟ್ಟಿಯಾಗುತ್ತ ಬಿಸಿಯೇರುತ್ತಿತ್ತು. ಅವನಿಗೆ ನಗು ತಡೆಯಲಾಗಲಿಲ್ಲ.

“ಅಂಥಾ ಮಂದಿ ಸಿಕ್ಕರ ಕಳಸ್ರಿ ಅವ್ವಾ, ಇಂಜಿನ್ ಸ್ಪೀಡ್ ಜರಾ ಜಾಸ್ತಿ ಮಾಡಿ ಹೋಗ್ಲಿ.”

ಮುದುಕಿಯ ಮಗ ಶರಣಕುಮಾರನೂ ನಕ್ಕ. ಅವಳು ಮಗನ ಮುಖವನ್ನೊಮ್ಮೆ ನೋಡಿ, ಬುತ್ತಿ ಇಟ್ಟು ಹೊರಟುಹೋದಳು.

ಹುಮನಾಬಾದಿನಲ್ಲಿ ಲಾರಿ ಬಾಡಿ ಕಟ್ಟುವ ಆ ಶೆಡ್ಡು ಶರಣಕುಮಾರನದು. ಪುಣೆಯ ರೇಸ್ ಕಾರಿನ ಗ್ಯಾರೇಜಿನಲ್ಲಿ ಕೈ ಪಳಗಿಸಿಕೊಂಡು ಬಂದವನು ಅಂಬರೀಷ. ಇಬ್ಬರೂ ಬಸವಕಲ್ಯಾಣದ ಶಾಲೆಯಲ್ಲಿ ಒಂದೇ ಬೆಂಚಿನವರು. ೧೯೯೮ರಲ್ಲಿ ಹಳೇ ಮಾರುತಿಯ ಇಂಜಿನ್ನಿಗೆ ಪೈಪಿನ ಚಾಸಿ ಬೆಸೆದು, ಒಬ್ಬನೇ ಕೂರುವ ಕಾರೊಂದನ್ನು ಕಟ್ಟಿ ನಿಲ್ಲಿಸಿದ್ದರು. ಮದ್ರಾಸಿನ ರೇಸಿನಲ್ಲಿ ಅದನ್ನು ಓಡಿಸುವವನು ಅಂಬರೀಷನೇ ಎಂದು ಮಾತಾಗಿತ್ತು. ಬುದ್ಧಿ ಬಂದಾಗಿನಿಂದ ಅವನು ಬಯಸಿದ್ದು ಅದೊಂದನ್ನೇ. ಇಂಥ ಕಾರಿನ ಸೀಟನ್ನು ಓಡಿಸುವವನ ಮೈಗೇ ಅಚ್ಚು ತೆಗೆದು ಮಾಡುತ್ತಾರೆ. ಒಂದು ಬೆರಳು ಸಡಿಲವಿದ್ದರೂ ತಿರುವಿನಲ್ಲಿ ಮೈ ಜೋಲುತ್ತದೆ. ಫೈಬರಿನ ಸೀಟು ತಯಾರಾದ ಮೇಲೆ, “ಅಚ್ಚು ಒಡದ ಒಗಿ” ಎಂದು ಗೆಳೆಯನಿಗೇ ಹೇಳಿ ಅಂಬರೀಷ ಅದನ್ನು ಮರೆತೇಬಿಟ್ಟ. ಅಲ್ಲಿಗೇ ಅವನು ಕೆಟ್ಟ.

ಶೆಡ್ಡಿನ ಹಿಂದಿನ ಖರಾಬು ನೆಲದಲ್ಲಿ ಮೊರಂ ಮಣ್ಣು ಹಾಕಿ ಸುತ್ತುದಾರಿ ಮಾಡಿಕೊಂಡಿದ್ದರು. ಮೊದಲ ಓಟದಲ್ಲೇ, ತೊಗರಿ ಹೊಲದ ತಿರುವಿಗೆ ಬಂದಾಗ, ಅಂಬರೀಷನ ಎಡಗಾಲು ಇದ್ದಕ್ಕಿದ್ದಂತೆ ಸತ್ತುಹೋಯಿತು. ಸೊಂಟದಲ್ಲಿ ಏನೋ ಚುಚ್ಚಿದ ಹಾಗೆ. ವಾರ ಕಳೆಯುವಷ್ಟರಲ್ಲಿ ಬಲಗಾಲಿಗೂ ಜೋಮು ಹಿಡಿಯಿತು. ಬಸವಕಲ್ಯಾಣದ ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, ಎಲುಬೆಲ್ಲ ನೆಟ್ಟಗಿವೆ ಎಂದರು. ಶರಣಕುಮಾರ ದಿನಾ ಸಂಜೆ ಬಂದು, ಎಲ್ಲೆಲ್ಲಿ ನೋವೆಂದು ಕೇಳಿ ಕೇಳಿ, ತಾನೇ ಎಣ್ಣೆ ಹಚ್ಚಿ ಬೆನ್ನು ನೀವುತ್ತಿದ್ದ.

“ನೀ ಆರಾಮ ತಗೋ ಅಂಬ್ಯಾ. ನನ್ನ ಮೈಕಟ್ಟೂ ನಿನ್ನಂಗ ಅದ, ಈ ಸಲ ಗಾಡಿ ನಾ ಓಡಸ್ತೀನಿ.”

ಒಡಹುಟ್ಟಿದವರೂ ಹೀಗೆ ನೋಡಿಕೊಳ್ಳಲಿಕ್ಕಿಲ್ಲ ಎಂದು ಅಂಬರೀಷ ಅವನ ಹೆಗಲಿಗೆ ತಲೆಯಿಟ್ಟು ಅತ್ತಿದ್ದ.

ಶೆಡ್ಡಿನ ಪಕ್ಕದ ಕೋಣೆಯಲ್ಲಿ ಮಲಗಿರುತ್ತಿದ್ದ ಅಂಬರೀಷ ಒಂದು ಮಧ್ಯಾಹ್ನ ಕಾರಿನ ಸದ್ದು ಕೇಳಿ ಮನಸ್ಸು ತಡೆಯದೆ, ಕೋಲೂರಿಕೊಂಡು ಶೆಡ್ಡಿಗೆ ಬಂದ. ಒಳಗೆ ಯಾರೂ ಇರಲಿಲ್ಲ. ಹಿಂದೆ ಶರಣಕುಮಾರ ಸುತ್ತು ಹಾಕುತ್ತಿದ್ದ. ಕಾದ ತಗಡು, ಸುಟ್ಟ ಆಯಿಲು. ಅದರಡಿಯಿಂದ ಬೇರೆಯದೇ ವಾಸನೆಯೊಂದು ಎದ್ದುಬಂತು. ಲೋಬಾನದ ಹೊಗೆ. ಕೊಳೆತ ನಿಂಬೆಹಣ್ಣು. ಲಾರಿಯ ಕೆಳಗಿಳಿದು ಕೆಲಸ ಮಾಡುವ ಗುಂಡಿಗೆ ಹಲಗೆ ಮುಚ್ಚಿತ್ತು, ವಾಸನೆ ಅಲ್ಲಿಂದಲೇ. ಒಂದು ಹಲಗೆ ಸರಿಸಿ, ಮೆಟ್ಟಿಲ ಮೇಲೆ ತೆವಳುತ್ತ ಇಳಿದ.

ಕತ್ತಲು. ಕೈಗೆ ತಣ್ಣಗೆ ಏನೋ ತಾಗಿತು. ಸವರಿದ. ಬೆನ್ನಿನ ಹಳ್ಳ. ತನ್ನದೇ ಬೆನ್ನು, ಒಡೆಯಲು ಹೇಳಿದ್ದ ಅಚ್ಚು. ಸೊಂಟದ ಜಾಗದಲ್ಲಿ ಗೇಣುದ್ದದ ಕಬ್ಬಿಣದ ಮೊಳೆ, ಸುತ್ತಲೂ ಅಂಟಂಟು, ಕುಂಕುಮದ ವಾಸನೆ. ಮೊಳೆಯನ್ನು ಅಲುಗಿಸಿದ. ನೋವು ಅವನ ಸೊಂಟದಲ್ಲೇ ಎದ್ದಿತು. ಸತ್ತ ಕಾಲಿನ ಬೆರಳು ಮಿಡುಕಿದವು.

“ಕೀಳಬ್ಯಾಡೋ!” ಮೇಲೆ ಸುಂದರಬಾಯಿ ನಿಂತಿದ್ದಳು. “ಕಿತ್ತರ ಹೊಡದವಗ ತಿರುಗತದ. ಅವ ಗಾಡ್ಯಾಗ ಅದಾನ.”

ಹೊಡೆದವನು ಯಾರೆಂದು ಇನ್ನು ಕೇಳುವುದೇನಿತ್ತು? ದಿನಾ ಸಂಜೆ ತನ್ನ ಬೆನ್ನು ನೀವಿದ ಆ ಕೈಗಳು! ಅಂಬರೀಷ ಮೊಳೆಯನ್ನು ಮುಷ್ಟಿಯಲ್ಲಿ ಹಿಡಿದ.

“ಗೊತ್ತಿದ್ದೂ ಯಾಕ ಹೇಳಲಿಲ್ರಿ ಅವ್ವಾ?”

“ಹೆತ್ತ ಮಗನೋ. ಅವತ್ತ ಬಾಗಿಲದಾಗ ಹೇಳಿದ್ದಕ್ಕಿಂತ ಜಾಸ್ತಿ ಹ್ಯಾಂಗ ಹೇಳ್ಲಿ?” ಮುದುಕಿ ಗುಂಡಿಯ ಅಂಚಿಗೆ ಹಣೆ ಹಚ್ಚಿದಳು. “ಅವ ಇಳಿಯೂತನಕ ತಡಿ. ಇಳದಮ್ಯಾಲ ನಾನೇ ಕೀಳ್ತೀನಿ. ಅವನ ಕಾಲು ಹೋದರ ಹೋಗ್ಲಿ, ಮಗಂದು ಜೀವಾ ಉಳೀಲಿ.”

“ತಡೀತೀನ್ರಿ,” ಎಂದ ಅಂಬರೀಷ. ಮನಸಾರೆಯೇ ಹೇಳಿದ್ದ. ಮೊಳೆಯ ಮೇಲಿನ ಕೈಯನ್ನು ಮಾತ್ರ ತೆಗೆಯಲಿಲ್ಲ.

ಇಂಜಿನ್ ಹತ್ತಿರ ಬಂತು. ಗುಂಡಿಯ ಗೋಡೆ ನಡುಗಿತು. ತೊಗರಿ ಹೊಲದ ತಿರುವು. ಅಲ್ಲಿ ಶರಣಕುಮಾರ ಖುಷಿಯಿಂದ ಕೇಕೆ ಹಾಕಿದ. ತನ್ನ ಸೀಟಿನಲ್ಲಿ ಕೂತು. ತಾನು ಹಾಕಬೇಕಿದ್ದ ಕೇಕೆ.

ಕಿತ್ತ.

ಇಂಜಿನ್ ಒಮ್ಮೆ ಕಿರುಚಿತು. ತಗಡು ಮುರಿದ ಸದ್ದು. ಆಮೇಲೆ ಏನೂ ಇಲ್ಲ.

ಅಂಬರೀಷ ಓಡಿದ. ಕೋಲಿಲ್ಲದೆ ಓಡಿದ. ತೊಗರಿಯೊಳಗೆ ಕಾರು ಮಗುಚಿತ್ತು, ಚಾಸಿ ತುಂಡಾಗಿತ್ತು. ಶರಣಕುಮಾರ ಸೀಟಿನಲ್ಲೇ ಇದ್ದ, ಮೈಮೇಲೆ ಒಂದು ಗಾಯವೂ ಕಾಣಲಿಲ್ಲ. ಕಣ್ಣು ಮಾತ್ರ ಆಡುತ್ತಿದ್ದವು.

“ಅಂಬ್ಯಾ, ಬಂದೇನು? ಕೈಕಾಲು ಏನೂ ತಿಳೀವಲ್ದು. ಜರಾ ಬೆನ್ನು ಒತ್ತೋ...”

ಅಷ್ಟರಲ್ಲಿ ಗೆಳೆಯನ ಕೈಯಲ್ಲಿದ್ದ ಮೊಳೆ ಅವನ ಕಣ್ಣಿಗೆ ಬಿತ್ತು.

ಸುಂದರಬಾಯಿ ಏದುಸಿರು ಬಿಡುತ್ತ ಬಂದಳು. ಮಗನನ್ನು ನೋಡಿದಳು. ಅಂಬರೀಷನ ಕಾಲುಗಳನ್ನು ನೋಡಿದಳು. ಅಳಲಿಲ್ಲ.

“ತಡೀತೀನಿ ಅಂದಿದ್ದಿಯಲ್ಲೋ ತಮ್ಮಾ,” ಎಂದಳು.