ಶೀಲಮ್ಮ ಹೊಲಿದ ಜೀನ್ಸ್

"ಎಷ್ಟು ಪೀಸ್ ಬೇಕ್ರಿ ಮೇಡಂ?"

"ಒಂದು."

"ಒಂದು ಸಾವಿರನ್ರಿ?"

"ಒಂದ ಪ್ಯಾಂಟು ರೀ. ಅದೂ ಹಳೇದು."

ಬಳ್ಳಾರಿಯ ಆ ಜೀನ್ಸ್ ಕಾರ್ಖಾನೆಯಲ್ಲಿ ಬಟ್ಟೆ ಕತ್ತರಿಸುತ್ತಿದ್ದ ಹಂಪೇಶ್ ತಲೆಯೆತ್ತಿದ. ವ್ಯಾಪಾರಕ್ಕೆ ಬಂದವಳೆಂದುಕೊಂಡಿದ್ದರೆ, ಅವಳು ಫ್ಯಾಷನ್ ಡಿಸೈನ್ ಕಾಲೇಜಿನ ಮೇಡಂ, ಸಿರಿಗೇರಿಯ ಅನುಷಾ. ಅವನ ಕಿವಿ ಕೆಂಪಾಯಿತು. ಆ ಕೆಂಪು ಅನುಷಾಗೆ ಬಹಳ ಹಿಡಿಸಿತು.

ಜಿಲ್ಲೆಯ ಹೆಂಗಸರು ಎಪ್ಪತ್ತು ವರ್ಷಗಳಲ್ಲಿ ಏನೇನು ಉಟ್ಟರು, ತೊಟ್ಟರು ಎಂದು ತೋರಿಸುವ ಪ್ರದರ್ಶನವೊಂದಕ್ಕೆ ಅವಳು ಬಟ್ಟೆ ಹುಡುಕುತ್ತಿದ್ದಳು. ಕಚ್ಚೆ ಹಾಕಿ ಹೊಲಕ್ಕೆ ಉಡುತ್ತಿದ್ದ ಸೀರೆ ಸಿಕ್ಕಿತ್ತು. ಬೇಗ ಒಣಗುತ್ತದೆಂದು ಮನೆಮನೆಗೆ ಬಂದ ನೈಲಾನ್ ಸೀರೆ, ಹುಡುಗಿಯರ ಜತೆ ಬಸ್ಸು ಹತ್ತಿ ಕಾಲೇಜಿಗೆ ಹೋದ ಚೂಡಿದಾರವೂ ಸಿಕ್ಕಿದ್ದವು. ಎಲ್ಲೆಲ್ಲಿಗೋ ಜೀನ್ಸ್ ಹೊಲಿದು ಕಳಿಸುವ ಈ ಊರಿನಲ್ಲಿ ಹೆಣ್ಣುಮಗಳೊಬ್ಬಳು ತನಗೆಂದೇ ಹೊಲಿದುಕೊಂಡ ಜೀನ್ಸ್ ಮಾತ್ರ ಸಿಕ್ಕಿರಲಿಲ್ಲ.

"ನಮ್ಮವ್ವ ಒಂದು ಹೊಲ್ಕೊಂಡಿದ್ಲು," ಎಂದ ಹಂಪೇಶ್. "ಕೊಡ್ತಾಳೋ ಇಲ್ಲೋ ಗೊತ್ತಿಲ್ಲ. ಕುರುಗೋಡಿನ ನಮ್ಮನಿಗೆ ಹೋಗಾಕ ನಾ ರೆಡಿ ಅದೀನಿ. ಬರ್ತೀರೇನು?"

ಬೈಕ್ ಹತ್ತುವಾಗ ಅನುಷಾ ಚೀಲವನ್ನು ಇಬ್ಬರ ನಡುವೆ ಇಟ್ಟುಕೊಂಡಿದ್ದಳು. ಕುರುಗೋಡಿನ ಬಂಡೆಗುಡ್ಡ ಕಾಣುವಷ್ಟರಲ್ಲಿ ಅದು ಹೆಗಲಿಗೇರಿತ್ತು. ಕನ್ನಡಿಯಲ್ಲಿ ಅವನು ಅದನ್ನು ಗಮನಿಸಿದ; ಗಮನಿಸಿದ್ದನ್ನು ಅವಳೂ ನೋಡಿದಳು.

ಅವನ ತಾಯಿ ಶೀಲಮ್ಮ ಚಹಾ ಕೊಟ್ಟರು, ಪ್ಯಾಂಟು ಕೊಡಲಿಲ್ಲ. ಮೂವತ್ತು ವರ್ಷದ ಹಿಂದೆ ಕಾರ್ಖಾನೆಯಲ್ಲಿ ಗಂಡಸರ ಜೀನ್ಸ್ ಹೊಲಿಯುತ್ತಿದ್ದಾಗ, ಉಳಿದ ಬಟ್ಟೆ ಜೋಡಿಸಿ ತಮ್ಮ ಅಳತೆಗೊಂದು ಮಾಡಿಕೊಂಡಿದ್ದರು.

"ಹಾಕ್ಕೊಂಡು ಓಣಿಯಾಗ ಅಡ್ಡಾಡಿದ್ದು ಒಂದು ಸಂಜಿ. ಮಂದಿ ನಕ್ಕಿದ್ದು ಹತ್ತು ವರ್ಷ. ಈಗ್ಯಾಕವ್ವ ಅದು?"

"ಅಮ್ಮ, ಕಾಲೇಜು ಓದುವಾಗ ನಾ ಊರಾಗ ಚೂಡಿದಾರ ಹಾಕ್ಕೊಂಡು ಬಸ್ಸು ಹತ್ತತಿದ್ದೆ. ಬಳ್ಳಾರಿಗೆ ಬಂದು ಗೆಳತಿ ರೂಮಿನಾಗ ಜೀನ್ಸ್ ಹಾಕ್ಕೊಂತಿದ್ದೆ. ಮೂರು ವರ್ಷ ಕದ್ದು ಹಾಕ್ಕೊಂಡೀನಿ. ನೀವು ಓಣಿಯಾಗ ನಡದೀರಿ."

ಶೀಲಮ್ಮ ಲೋಟ ಕೆಳಗಿಟ್ಟು ಎದ್ದರು. ಆಮೇಲೆ ಒಳಗೆ ಟ್ರಂಕು ತೆರೆದ ಸದ್ದಾಯಿತು.

"ಒಯ್ಯಿ. ನನ್ನ ಹೆಸರು ಮಾತ್ರ ಹಾಕಬ್ಯಾಡ."

"ಹಾಕಂಗಿಲ್ಲಮ್ಮ," ಎಂದು ಅನುಷಾ ಮಾತು ಕೊಟ್ಟಳು.

ಅಂದಿನಿಂದ ಹಂಪೇಶನಿಗೆ ದಿನವೂ ಕಾಲೇಜಿನಲ್ಲೇ ಕೆಲಸ.

"ಹ್ಯಾಂಗರ್ ಕೊಡಾಕ ಬಂದೆ."

"ನಿನ್ನೆನೂ ಕೊಟ್ರಿ."

"ಅವು ಸಣ್ಣವು."

ಅವನು ಹೋದ ಮೇಲೆ ಅನುಷಾ ನಿನ್ನೆಯದನ್ನೂ ಇವತ್ತಿನದನ್ನೂ ಜೋಡಿಸಿ ನೋಡಿದಳು. ಒಂದು ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ.

ಪ್ರದರ್ಶನದ ಬೆಳಿಗ್ಗೆ ಜೀನ್ಸಿನ ಕೆಳಗೆ ಚೀಟಿಯೊಂದು ತೂಗುತ್ತಿತ್ತು: 'ಹೊಲಿದು ತೊಟ್ಟವರು: ಶೀಲಾ, ಕುರುಗೋಡು.' ಅನುಷಾ ತನ್ನ ನೆನಪಿಗೆಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದನ್ನು ನೋಡಿ ವಿದ್ಯಾರ್ಥಿನಿಯರು ಅಚ್ಚು ಹಾಕಿಸಿದ್ದರು. ಅವಳಿಗಿಂತ ಮೊದಲೇ ಹಂಪೇಶ್ ಅದನ್ನು ನೋಡಿದ್ದ.

"ಅವ್ವಗ ಮಾತು ಕೊಟ್ಟಿದ್ರಿ," ಎಂದ. ಅಷ್ಟೇ ಅಂದು ಹೊರಗೆ ನಡೆದುಬಿಟ್ಟ.

ಅನುಷಾ ಚೀಟಿ ಕೀಳಲು ಓಡಿದಳು. ಅಲ್ಲಿ ಶೀಲಮ್ಮ! ಯಾರಿಗೂ ಹೇಳದೆ ಮೊದಲ ಬಸ್ಸಿಗೇ ಬಂದಿದ್ದರು.

"ತಪ್ಪಾತಮ್ಮ. ಈಗ ತೆಗೀತೀನಿ."

ಜೀನ್ಸ್ ತೊಟ್ಟ ಹುಡುಗಿಯೊಬ್ಬಳು ಜೇಬಿನ ಹೊಲಿಗೆಯ ಹತ್ತಿರ ಬಗ್ಗಿ ನೋಡುತ್ತಿದ್ದಳು. "ಎಷ್ಟು ನೀಟಾಗೈತಿ. ಯಾರು ಹೊಲ್ದಿದ್ದು ಆಂಟಿ?"

ಶೀಲಮ್ಮ ಅನುಷಾಳ ಕೈ ಹಿಡಿದು ನಿಲ್ಲಿಸಿದರು. "ನಾನ ಹೊಲ್ದಿದ್ದವ್ವ," ಎಂದರು. "ಹೆಸರು ಐತಲ್ಲ, ಓದು."

ಹುಡುಗಿ ಗಟ್ಟಿಯಾಗಿ ಓದಿದಳು. ಶೀಲಮ್ಮ ಸೆರಗು ಸರಿಮಾಡಿಕೊಂಡು ನೆಟ್ಟಗೆ ನಿಂತರು. ಅನುಷಾಳ ಕಣ್ಣು ತುಂಬಿತು. ಬಾಗಿಲಲ್ಲಿ ಹಂಪೇಶ್ ನಿಂತು ಎಲ್ಲ ಕೇಳಿಸಿಕೊಂಡಿದ್ದ.

"ದುಡುಕಿ ಮಾತಾಡಿದೆ," ಎಂದ ಹತ್ತಿರ ಬಂದು. "ಸಿಟ್ಟೇನು?"

"ಹೂಂ."

"ಎಲ್ಲಿತನಕ?"

"ನಿಜ ಹೇಳೋತನಕ. ದಿನಾ ಯಾಕ ಬರ್ತಿದ್ರಿ?"

"ನಿನ್ನ ನೋಡಾಕ."

ಮೊದಲ ಸಲ 'ನೀವು' ಹೋಗಿ 'ನೀನು' ಬಂದಿತ್ತು. ಅನುಷಾಳ ಎದೆ ಹೊಲಿಗೆ ಮಿಷನ್ನಿನಂತೆ ಓಡತೊಡಗಿತು.

"ನಿಮ್ಮಪ್ಪನ್ನ ಕೇಳಾಕ ಸಿರಿಗೇರಿಗೆ ಬರ್ಲೇನು?"

"ಅಪ್ಪನ್ನ ಆಮೇಲೆ. ಮೊದಲು ನನ್ನ ಕೇಳು."

ಅವನು ಸುತ್ತ ನೋಡಿದ. ಹಾಲ್ ತುಂಬ ಜನ. ಕಿವಿ ಮತ್ತೆ ಕೆಂಪಾದವು, ದನಿ ಮಾತ್ರ ಅಳುಕಲಿಲ್ಲ.

"ನನ್ನ ಲಗ್ನ ಆಗ್ತೀಯೇನು, ಅನುಷಾ?"

"ಆಗ್ತೀನಿ," ಎಂದಳು ಅವಳು, ಎಲ್ಲರಿಗೂ ಕೇಳುವಂತೆ.