ತಂತಿಯ ಆಚೆ ತುದಿ

ನೆಂಟರೆಲ್ಲ ಹೊರಟುಹೋದ ಮರುದಿನ ಬೆಳಿಗ್ಗೆ ನಲ್ಲಿಯಲ್ಲಿ ಎಂದಿನಂತೆ ನೀರು ಬಂತು. ಅವಳಿಗೆ ಅದರ ಮೇಲೇ ಸಿಟ್ಟು ಬಂತು. ಗಂಡನನ್ನು ಮಣ್ಣು ಮಾಡಿ ಬಂದ ಮನೆಗೂ ನೀರು ಹೀಗೆ ಹೊತ್ತಿಗೆ ಸರಿಯಾಗಿ ಬರುತ್ತದೆಯೇ...!

ಕೊಡ ತುಂಬುವ ಮೊದಲೇ ಫೋನ್ ಬಡಿದುಕೊಂಡಿತು. ಆಡಿಯೋ ಧಾರಾವಾಹಿಯ ನಿರ್ಮಾಪಕರು.

"ಬೇಜಾರು ಮಾಡ್ಕೋಬೇಡಮ್ಮ. ಕೊನೇ ಕಂತು ಬಾಕಿ ಇದೆ. ಯುದ್ಧ ಬರ್ಕೊಡ್ತೀನಿ ಅಂದಿದ್ದ ನಿನ್ನ ಗಂಡ. ಈಗ ಬೇರೆಯವರ ಕೈಲಿ ಬರೆಸ್ತೀನಿ. ನೌಕೆಗಳು ಢಿಕ್ಕಿ ಹೊಡೀಬೇಕು, ಢಂ ಢಂ ಅನ್ಬೇಕು!"

"ಬೇಡ," ಎಂದಳು. ಎಷ್ಟೋ ದಿನಗಳ ನಂತರ ಅವಳ ಬಾಯಿಂದ ಹೊರಟ ಗಟ್ಟಿ ಮಾತು ಅದು. "ನಾನು ಬರ್ತಿದ್ದೀನಿ."

ಒಳಗಿನಿಂದ ಅತ್ತೆ ಕೇಳಿದರು. "ಇವತ್ತೇ ಹೋಗ್ಬೇಕಾ?"

"ಇವತ್ತೇ ಹೋಗ್ಬೇಕು ಅತ್ತೆ."

ಅತ್ತೆ ಅವಳ ಕೈಯಿಂದ ಕೊಡ ತೆಗೆದುಕೊಂಡರು.

ಬಸ್ಸಿನ ಕಿಟಕಿಗೆ ತಲೆ ಆನಿಸಿದಾಗ ಅವನು ನೆನಪಾದ. ವಿಶ್ವವಿದ್ಯಾಲಯದ ಆ ಸಭೆ. ದೂರದ ನಕ್ಷತ್ರಗಳನ್ನು ಹುಡುಕಿ ಹೊರಟ ನೌಕೆಯ ಕಥೆಯನ್ನು ಅವನು ಓದಿ ಮುಗಿಸಿದ್ದ. ಯುದ್ಧಗಳ ಇತಿಹಾಸ ಓದುತ್ತಿದ್ದ ಅವಳು ಎದ್ದು ನಿಂತಿದ್ದಳು.

"ಅಷ್ಟು ದೂರ ಹೋದ ನಿಮ್ಮ ಜನ ಒಂದು ಸಲವೂ ಕಾದಾಡಲಿಲ್ಲವಾ? ಮನುಷ್ಯರನ್ನ ಇಲ್ಲೇ ಬಿಟ್ಟು ಹೋದ್ರಾ?"

ಸಭೆ ನಕ್ಕಿತು. ಅವನು ನಗಲಿಲ್ಲ. "ಕಾದಾಡೋ ಮನುಷ್ಯರು ಗೊತ್ತಿದ್ದಾರೆ ಮೇಡಂ. ಕಾದಾಡದೇ ಇದ್ರೆ ಏನೇನು ಮಾಡ್ತಾರೋ... ಅದನ್ನ ನೋಡೋ ಆಸೆ ನನಗೆ."

ಆ ಒಂದು ಮಾತಿಗೆ ಅವಳು ಸೋತಿದ್ದಳು! ಮದುವೆಯಾದಳು, ಧಾರಾವಾಹಿಯಲ್ಲಿ ನೌಕೆಗೆ ದಾರಿ ತೋರುವ ದಾರಿಗಾರ್ತಿಗೆ ದನಿಯಾದಳು. ಆ ನೌಕೆಯಲ್ಲಿ ಎಂದೂ ಒಂದು ಬಂದೂಕು ಇರಲಿಲ್ಲ.

ಅವನ ಸಾವಿಗೆ ಮುಂಚಿನ ಸಂಜೆ ಸ್ಟುಡಿಯೋ ಬಾಗಿಲು ತೆರೆದವಳ ಕಿವಿಗೆ ಬಿದ್ದದ್ದು ಮೆಷಿನ್‌ಗನ್ ಸದ್ದು. ತಗಡಿನ ತಟ್ಟೆಯ ಮೇಲೆ ಒಣ ಬಟಾಣಿ ಸುರಿದರೆ ಮೈಕಿನಲ್ಲಿ ಹಾಗೇ ಕೇಳುತ್ತದೆ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ತಟ್ಟೆ ಅವನ ಕೈಯಲ್ಲೇ ಇತ್ತು.

"ನಿರ್ಮಾಪಕರ ಕಾಲಿಗೆ ಬಿದ್ದುಬಿಟ್ಯಾ? ಕೊನೆಗೂ ಗುಂಡು ಹಾರಿಸ್ದೆ!"

"ಪೂರ್ತಿ ಕೇಳೇ..."

ಅವಳು ಕೇಳಲಿಲ್ಲ. ಬಾಗಿಲು ಎಳೆದುಕೊಂಡು ಹೊರಟುಬಿಟ್ಟಳು. ಮರುದಿನ ಮೆಟ್ಟಿಲ ಮೇಲೆ ಕುಸಿದವನ ಎದೆ ಮತ್ತೆ ಬಡಿಯಲಿಲ್ಲ.

ಸ್ಟುಡಿಯೋದಲ್ಲಿ ಎಲ್ಲರೂ ಸದ್ದಪ್ಪ ಎಂದೇ ಕರೆಯುವ ಧ್ವನಿ ತಂತ್ರಜ್ಞ ಅವಳನ್ನು ಕಂಡು ಎದ್ದು ನಿಂತ. ಲೋಕದ ಸದ್ದೆಲ್ಲ ಪೆಟ್ಟಿಗೆಯಲ್ಲಿಟ್ಟುಕೊಂಡವನು ಕುರ್ಚಿಯೊಂದನ್ನು ಎಳೆದು ಅವಳ ಮುಂದಿಟ್ಟ.

"ಆ ಗುಂಡಿನ ಸದ್ದು ಹಾಕು," ಎಂದಳು.

"ಯಾವ ಗುಂಡಕ್ಕ?"

"ಬಟಾಣಿ..."

"ಅಯ್ಯೋ! ಅದು ಧೂಮಕೇತುವಿನ ಧೂಳು ಅಕ್ಕ. ನೌಕೆಯ ಮೈಗೆ ಬಡಿಯೋದು. ಇನ್ನೂ ಮೆತ್ತಗೆ ಬೇಕು ಅಂತ ಅಣ್ಣ ನನ್ನ ಜೀವ ತಿಂದುಬಿಟ್ಟಿದ್ರು!"

ಅವಳು ಕುರ್ಚಿ ಹಿಡಿದು ಕುಳಿತಳು. ಎಷ್ಟು ಸಣ್ಣ ಧೂಳು... ಅದಕ್ಕೆ ಎಷ್ಟು ದೊಡ್ಡ ಮಾತಾಡಿಬಿಟ್ಟೆ!

"ಮತ್ತೆ ಯುದ್ಧ?"

"ಯುದ್ಧ ಇದೆ. ಅದಕ್ಕೆ ಸದ್ದು ಇಷ್ಟೇ." ಹೆಡ್‌ಫೋನ್ ಕೊಟ್ಟ. ಟಕ್... ತಂತಿ ತುಂಡಾಯಿತು. ಕಿರ್ರ್... ತಂತಿಗೆ ತಂತಿ ಸುತ್ತಿಕೊಂಡಿತು.

ಸದ್ದಪ್ಪ ಮೇಜಿನ ಮೇಲೆ ಹಳೆಯದೊಂದು ಇಕ್ಕಳ ಇಟ್ಟ. "ಲೈನ್ ತಾತನದು, ಈ ಸದ್ದಿಗೆ ಅಂತ ಅಣ್ಣ ಕೇಳಿ ತಂದಿದ್ದು. ಸೈನ್ಯದಲ್ಲಿ ಫೋನ್ ತಂತಿ ಜೋಡಿಸ್ತಿದ್ರಲ್ಲ, ಅವರದು. ಯುದ್ಧದಲ್ಲಿ ಒಂದು ಮಂಜಿನ ಬೆಳಿಗ್ಗೆ ತುಂಡಾದ ತಂತಿ ಹುಡುಕ್ಕೊಂಡು ಕಂದಕದಲ್ಲಿ ತೆವಳ್ಕೊಂಡು ಹೋದ್ರೆ, ಎದುರು ಪಡೆಯವನೂ ತನ್ನ ತಂತಿ ಹುಡುಕ್ತಾ ಅಲ್ಲೇ ಇದ್ನಂತೆ. ಅವನ ಇಕ್ಕಳ ಮುರಿದಿತ್ತು. ತಾತ ತಮ್ಮದು ಕೊಟ್ರು. ಕೆಲಸ ಮುಗಿಸಿ ಅವನು ವಾಪಸ್ ಕೊಟ್ಟ."

"ಆಮೇಲೆ?"

"ಆಮೇಲೆ ಎರಡೂ ತಂತೀಲಿ ಹೋದ ಮೊದಲ ಮಾತು... 'ಹೊಡೀರಿ' ಅಂತ."

ಅವಳು ಇಕ್ಕಳವನ್ನು ಕೈಗೆತ್ತಿಕೊಂಡಳು.

"ಕೊನೇ ಕಂತಲ್ಲಿ ಯಾವುದೋ ಗ್ರಹದಿಂದ ನೌಕೆಗೆ ಸಂಕೇತ ಬರುತ್ತೆ ಅಕ್ಕ. ಹುಡುಗರೆಲ್ಲ ಕುಣೀತಾರೆ. ಮುದುಕಿ ಇಂಜಿನಿಯರ್ ಈ ಕಥೆ ಹೇಳ್ತಾಳೆ. ತಂತಿ ಜೋಡಿಸೋದು ನಮಗೆ ಮೊದಲಿಂದ ಬರ್ತಿತ್ತು, ಅದರಲ್ಲಿ ಏನು ಆಡ್ಬೇಕು ಅನ್ನೋದೇ ಬರ್ತಿರ್ಲಿಲ್ಲ ಅಂತಾಳೆ. ದಾರಿಗಾರ್ತಿ ಏನು ಉತ್ತರ ಕೊಡ್ತಾಳೆ ಅಂತ ಅಣ್ಣ ಬರೆದಿರ್ಲಿಲ್ಲ. 'ಅದು ಅವಳನ್ನೇ ಕೇಳ್ಬೇಕು ಕಣೋ' ಅಂದ್ರು. ನೀವು ಬಂದ್ರಿ, ಜಗಳ ಆಯ್ತು..."

ಅವಳು ಎದ್ದಳು. ಅಳಲು ಮುಂದೆ ಬೇಕಾದಷ್ಟು ಕಾಲವಿದೆ. ಕಂತು ಬೇರೆಯವರ ಕೈಗೆ ಹೋದರೆ ತಿರುಗಿ ಬರುವುದಿಲ್ಲ.

ನೇರ ನಿರ್ಮಾಪಕರ ಕೋಣೆಗೆ ನಡೆದಳು.

"ಯುದ್ಧ ಕೊಡ್ತೀನಿ. ನಾನೇ ಬರೀತೀನಿ. ಆದ್ರೆ ಒಂದು ಗುಂಡೂ ಹಾರಲ್ಲ."

"ಗುಂಡಿಲ್ಲದ ಯುದ್ಧಾನಾ? ಜನ ನಿದ್ದೆ ಹೋಗ್ತಾರಮ್ಮ!"

"ಹೋಗಲ್ಲ. ನೀವು ಬೇರೆಯವರಿಂದ ಬರೆಸಿದ್ರೆ ದಾರಿಗಾರ್ತಿಗೂ ಬೇರೆ ದನಿ ಹುಡುಕ್ಕೊಳ್ಳಿ."

ಅವರು ಅವಳ ಮುಖವನ್ನೇ ನೋಡಿದರು. ಮೊದಲ ಕಂತಿನಿಂದ ಜನ ಕೇಳುತ್ತಿದ್ದ ದನಿ ಅದು.

"ಅವನನ್ನಾದ್ರೂ ಒಪ್ಪಿಸಬಹುದಿತ್ತು," ಎಂದು ಗೊಣಗಿದರು. "ಬರಿ, ಹೋಗು. ನಾಳೆ ರೆಕಾರ್ಡಿಂಗ್."

ಮರುದಿನ ಮೈಕಿನ ಮುಂದೆ ನಿಂತಳು. ಧೂಮಕೇತುವಿನ ಧೂಳು ಮೆತ್ತಗೆ ಸುರಿಯಿತು. ಮುದುಕಿ ಇಂಜಿನಿಯರ್ ಪಾತ್ರದವಳು ಮಂಜಿನ ಬೆಳಗನ್ನು, 'ಹೊಡೀರಿ' ಎಂಬ ಮಾತನ್ನು ಹೇಳಿ ಮುಗಿಸಿದಳು. ಆಮೇಲೆ ದಾರಿಗಾರ್ತಿಯ ಸರದಿ.

ಕಣ್ಣು ಮುಚ್ಚಿದಳು. ಜಗಳದ ಆ ಸಂಜೆಯಂತೆ ತಟ್ಟೆ ಹಿಡಿದು ಅವನು ನಿಂತಿದ್ದ.

"ಹೇಳು..." ಎಂದಳು. "ನಾನು ಇಲ್ಲೇ ಇದ್ದೀನಿ. ಪೂರ್ತಿ ಕೇಳ್ತೀನಿ."

ಗಾಜಿನ ಆಚೆ ಸದ್ದಪ್ಪ ರೆಕಾರ್ಡಿಂಗ್ ನಿಲ್ಲಿಸುವುದನ್ನೇ ಮರೆತಿದ್ದ. ನಿರ್ಮಾಪಕರೂ ನೆನಪಿಸಲಿಲ್ಲ.

ಆ ಸಂಜೆ ಅವಳು ಇಕ್ಕಳ ಹಿಡಿದು ಲೈನ್ ತಾತನ ಬಾಗಿಲು ತಟ್ಟಿದಳು.

"ನೀನೇ ಇಟ್ಕೋಬಹುದಿತ್ತಲ್ಲ ಮಗಳೇ."

"ಇಲ್ಲ ತಾತ. ಕೇಳಿ ತಂದಿದ್ದು, ಕೊಟ್ಟುಬಿಡ್ಬೇಕು." ಇಕ್ಕಳ ಹಿಡಿದೇ ಕೇಳಿದಳು. "ಆ ಸಂಜೆ... ಜಗಳ ಆದ್ಮೇಲೆ ಅವರು ಇಲ್ಲಿಗೆ ಬಂದಿದ್ರಾ?"

"ಬಂದಿದ್ದ."

"ತುಂಬಾ ಸಿಟ್ಟಲ್ಲಿದ್ರಾ?"

"ಸಿಟ್ಟಾ? ನನ್ನ ಪಾಲಿನ ಟೀನೂ ಕುಡಿದು ಹೋದ ಪುಣ್ಯಾತ್ಮ! 'ನನ್ನ ನೌಕೆನ ನನಗಿಂತ ಹೆಚ್ಚು ಕಾಯೋದು ಅವಳೇ ತಾತ' ಅಂತ ನಗ್ತಿದ್ದ."

ಆಗ ಅವಳ ಕಣ್ಣಿನಿಂದ ನೀರು ಇಳಿಯಿತು. ಒರೆಸಿಕೊಳ್ಳಲಿಲ್ಲ.

"ನಾನು ಅವರನ್ನ ತುಂಬಾ ಪ್ರೀತಿಸ್ತೀನಿ ತಾತ."

"ಗೊತ್ತು ಕಣಮ್ಮ. ಅವನಿಗೂ ಗೊತ್ತಿತ್ತು."

ತಾತ ಅಂಗೈ ಚಾಚಿದರು. ಅವಳು ಇಕ್ಕಳವನ್ನು ಅದರ ಮೇಲಿಟ್ಟು, ಎರಡೂ ಕೈಗಳಿಂದ ಆ ಮುದಿ ಬೆರಳುಗಳನ್ನು ಮೆಲ್ಲಗೆ ಮಡಿಸಿದಳು.