ಬಲಗಡೆಯ ಹಬ್

ದೇವರ ಮುಂದೆ ನಿಂತು ಹೇಳೆಂದರೂ ಇದನ್ನೇ ಹೇಳುತ್ತೇನೆ.

ಹಳೆಯ ಫೋರ್‌ವೀಲ್ ಪಿಕಪ್ ಒಂದನ್ನು ಕೊಳ್ಳಲು ಹೋಗಿದ್ದೆ. ಮಾರುತ್ತಿದ್ದವರು ವಯಸ್ಸಾದ ಹೆಂಗಸು. ಗಾಡಿ ಅವರ ತೀರಿಹೋದ ಯಜಮಾನರದು. ಗಾಡಿಯ ಕೆಳಗೆ ನುಗ್ಗಿ ತುಕ್ಕು ಕೆರೆದು ನೋಡಿದೆ, ಎಂಜಿನ್ನಿಗೆ ಕಿವಿಗೊಟ್ಟೆ. ಇಂಥ ಗಾಡಿಯಲ್ಲಿ ನಾಲ್ಕೂ ಚಕ್ರ ಎಳೆಯಬೇಕಾದರೆ ಲಿವರ್ ಎಳೆದರಷ್ಟೇ ಸಾಲದು, ಮುಂದಿನ ಒಂದೊಂದು ಚಕ್ರದ ನಡುವೆ ಬಿರಡೆಯಂತಿರುವ ಹಬ್ಬನ್ನೂ ಇಳಿದು ಕೈಯಿಂದಲೇ ತಿರುಗಿಸಬೇಕು. ಇಲ್ಲದಿದ್ದರೆ ಮುಂದಿನ ಚಕ್ರಗಳು ಎಳೆಯುವುದಿಲ್ಲ. ಎರಡನ್ನೂ ತಿರುಗಿಸಿ ನೋಡಿ, ಮತ್ತೆ ಮೊದಲಿನಂತೆ ಸಡಿಲಿಸಿಟ್ಟೆ.

ಪರೀಕ್ಷೆಗೆಂದು ಅವರನ್ನೂ ಕೂರಿಸಿಕೊಂಡು ಕೆಸರಿಗಿಳಿಸಿದೆ. ಲಿವರ್ ಎಳೆದೆ, ಹಬ್ ಮರೆತೆ. ಹಿಂದಿನ ಚಕ್ರಗಳು ನಿಂತಲ್ಲೇ ಗಿರಗಿರ ತಿರುಗಿದವು.

“ಸರಿಹೋಯ್ತು! ಹಬ್ ಮರೆತು ಫೋರ್‌ವೀಲ್ ಓಡಿಸೋಕೆ ಬಂದ್ರಾ?” ಅವರು ನಗುತ್ತ ಇಳಿದು ಎಡಗಡೆಯದನ್ನು ತಿರುಗಿಸಿದರು. “ಎಡಗಡೇದು ಯಾವಾಗಲೂ ನಂದು. ಬಲಗಡೇದು ಅವರದು.”

ನಾನು ಬಲಗಡೆ ಇಳಿದು ಕೈಯಿಟ್ಟೆ. ಚಕ್ರವೆಲ್ಲ ತಣ್ಣಗಿತ್ತು, ಹಬ್ ಮಾತ್ರ ಯಾರೋ ಈಗಷ್ಟೇ ಹಿಡಿದು ಬಿಟ್ಟ ಹಾಗೆ ಬೆಚ್ಚಗಿತ್ತು.

“ಇದು ಆಗಲೇ ತಿರುಗಿದೆಯಲ್ಲಮ್ಮ?”

ಅವರ ನಗು ಆರಿತು. “ನಂಗೆ ಓಡಿಸೋಕೆ ಬರಲ್ಲ, ನಿಂತಲ್ಲೇ ತುಕ್ಕು ಹಿಡಿಯುತ್ತೆ ಅಂತ ಮಾರ್ತಿದೀನಿ. ಅವರು ಗಾಡಿ ಜೊತೆ ಹೋಗಿಬಿಡ್ತಾರೋ, ನನ್ನ ಜೊತೆ ಇರ್ತಾರೋ, ಗೊತ್ತಾಗ್ತಿಲ್ಲಪ್ಪ.”

ಕೊಂಡುಕೊಂಡೆ. ಮಳೆಗಾಲ ಮುಗಿಯುವ ಹೊತ್ತಿಗೆ ಅವರ ಫೋನ್ ಬಂತು.

“ಬಲಗಡೇದು ಈಗಲೂ ತಾನಾಗೇ ತಿರುಗಿರುತ್ತಾ?”

“ಇಲ್ಲಮ್ಮ, ಪ್ರತಿ ಸಲ ನಾನೇ ಇಳಿದು ತಿರುಗಿಸ್ತೀನಿ. ನಿಮ್ಮ ಜೊತೇನೇ ಉಳಿದಿರಬೇಕು ಬಿಡಿ,” ಎಂದು ಸಮಾಧಾನ ಹೇಳಿದೆ.



“ಇಲ್ಲಿಗೂ ಬಂದಿಲ್ಲಪ್ಪ.”